ಎಂಜಿನಿನ ಉಸಿರುದಾರಿ

ಮೋಟಾರು ರಿಪೇರಿಯ ಅಂಗಡಿಯಲ್ಲಿ ‘ಹೆಡ್ಡು ಬಿಚ್ಚಬೇಕು’ ಎಂಬ ಮಾತು ಕಿವಿಗೆ ಬಿದ್ದರೆ ಗಾಡಿಯ ಯಜಮಾನನ ಕೈ ತಾನಾಗಿ ಜೇಬಿನ ಕಡೆಗೆ ಹೋಗುತ್ತದೆ. ಅದು ಖರ್ಚಿನ ಮಾತು. ಆದರೆ ಆ ಹೆಡ್ಡಿನೊಳಗೆ ಏನಿದೆ, ಅದಕ್ಕೆ ಅಷ್ಟು ಮಹತ್ವ ಏಕೆ ಎಂದು ಕೇಳುವವರು ಕಡಿಮೆ. ಒಂದು ಎಂಜಿನು ಎಷ್ಟು ಶಕ್ತಿ ಕೊಡಬಲ್ಲದು, ಆ ಶಕ್ತಿ ಯಾವ ವೇಗದಲ್ಲಿ ಕೈಗೆ ಸಿಕ್ಕುತ್ತದೆ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಅಲ್ಲಿಯೇ. ಹೆಡ್ಡಿನ ಆಯ್ಕೆಯಲ್ಲಿ ಕೋಟ್ಯಂತರ ಹಣವಿದ್ದ ಕಂಪನಿಗಳು ಎಡವಿದ್ದುಂಟು. ಅದನ್ನೇ ವಿವೇಕದಿಂದ ಮಾಡಿದವರು ಸಾಧಾರಣ ಎಂಜಿನಿನಿಂದ ಜಗತ್ತಿನ ದೊಡ್ಡ ಪಂದ್ಯಗಳನ್ನು ಗೆದ್ದದ್ದೂ ಉಂಟು. ಆ ಚರಿತ್ರೆಯ ಕೆಲವು ಪುಟಗಳನ್ನು ಈಗ ನೋಡೋಣ.

ಮೊದಲು ಎಂಜಿನಿನ ಉಸಿರಾಟದ ವಿಷಯ. ಪೆಟ್ರೋಲು ಎಂಜಿನಿನ ಪಿಸ್ಟನ್ನು ಸಿಲಿಂಡರಿನಲ್ಲಿ ಕೆಳಕ್ಕಿಳಿಯುವಾಗ ಗಾಳಿಯನ್ನೂ ಪೆಟ್ರೋಲಿನ ತುಂತುರನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲಕ್ಕೇರುವಾಗ ಅದನ್ನು ಅದುಮುತ್ತದೆ. ಕಿಡಿ ತಾಕಿ ಉರಿದು, ಉಬ್ಬಿದ ಅನಿಲ ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಕೊನೆಗೆ ಹೊಗೆ ಹೊರಕ್ಕೆ ಹೋಗುತ್ತದೆ. ಸಿಲಿಂಡರಿನ ಮೇಲೆ ಮುಚ್ಚಳದಂತೆ ಕೂತಿರುವ ಎರಕದ ಗಟ್ಟಿಯೇ ಹೆಡ್ಡು. ವಾಲ್ವುಗಳು ಕೂರುವುದು ಸಾಮಾನ್ಯವಾಗಿ ಅದರಲ್ಲಿ. ವಾಲ್ವಿನ ತನಕ ಗಾಳಿಯನ್ನು ತರುವ, ಹೊಗೆಯನ್ನು ಹೊರಕ್ಕೊಯ್ಯುವ ಸುರಂಗಗಳಿಗೆ ಪೋರ್ಟು ಎಂದು ಹೆಸರು. ಮನುಷ್ಯನಿಗೆ ಮೂಗು ಹೇಗೋ ಎಂಜಿನಿಗೆ ಪೋರ್ಟು ಹಾಗೆ.

ಈ ಉಸಿರಾಟಕ್ಕೆ ಸಿಕ್ಕುವ ಸಮಯ ಎಷ್ಟೆಂದು ಬಲ್ಲಿರಾ? ಎಂಜಿನು ನಿಮಿಷಕ್ಕೆ ೬೦೦೦ ಸುತ್ತು ತಿರುಗುವಾಗ ಪಿಸ್ಟನ್ನು ಮೇಲಿನಿಂದ ಕೆಳಕ್ಕೆ ಇಳಿಯಲು ಹಿಡಿಯುವುದು ಒಂದು ಸೆಕೆಂಡಿನ ಇನ್ನೂರರಲ್ಲಿ ಒಂದು ಪಾಲು. ನಾವು ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ ಅದು ಹಲವು ಸಾರಿ ಉಸಿರೆಳೆದು ಬಿಟ್ಟಿರುತ್ತದೆ. ಆದುದರಿಂದ ಶಕ್ತಿ ಹೆಚ್ಚಬೇಕೆನ್ನುವವನಿಗೆ ಮೊದಲು ಹೊಳೆಯುವ ಉಪಾಯ ಒಂದೇ: ದಾರಿಯನ್ನು ಅಗಲ ಮಾಡು, ಹೆಚ್ಚು ಗಾಳಿ ಬರಲಿ! ಕೇಳಲು ಇದು ನ್ಯಾಯವಾಗಿಯೇ ಇದೆ. ಆದರೆ ಅರ್ಧ ಮಾತ್ರ ನ್ಯಾಯ.

ಕಾವೇರಿಯನ್ನು ನೆನೆಸಿಕೊಳ್ಳಿ. ಅಗಲವಾದ ಮರಳ ಪಾತ್ರದಲ್ಲಿ ಸಾವಧಾನವಾಗಿ ಹರಿಯುವ ನೀರೇ ಮೇಕೆದಾಟಿನ ಇಕ್ಕಟ್ಟಿನಲ್ಲಿ ನುಗ್ಗಿ ಭೋರ್ಗರೆಯುತ್ತದೆ. ಗಾಳಿಯೂ ಹಾಗೆಯೇ. ಇಕ್ಕಟ್ಟಾದ ದಾರಿಯಲ್ಲಿ ಅದಕ್ಕೆ ವೇಗ ಬರುತ್ತದೆ. ವೇಗ ಬಂದ ಗಾಳಿಗೆ ಓಟದ ರಭಸವಿರುತ್ತದೆ. ಪಿಸ್ಟನ್ನು ತಳ ಮುಟ್ಟಿ ಮೇಲಕ್ಕೆ ಹೊರಟ ಮೇಲೂ ಒಳವಾಲ್ವು ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ರಭಸವಿದ್ದ ಗಾಳಿ ಆ ಹೊತ್ತಿನಲ್ಲಿಯೂ ನುಗ್ಗಿ ಸಿಲಿಂಡರನ್ನು ಇನ್ನಷ್ಟು ತುಂಬುತ್ತದೆ. ದಾರಿ ಬಹಳ ಅಗಲವಾಗಿದ್ದರೆ, ಎಂಜಿನು ನಿಧಾನವಾಗಿ ತಿರುಗುವಾಗ ಗಾಳಿ ಸೋಮಾರಿಯಾಗುತ್ತದೆ. ಏರುವ ಪಿಸ್ಟನ್ನು ಒಳಬಂದುದನ್ನೇ ಹೊರಕ್ಕೆ ನೂಕಿಬಿಡುತ್ತದೆ. ಗಾಳಿಯಲ್ಲಿ ತೇಲಬೇಕಾದ ಪೆಟ್ರೋಲಿನ ಹನಿಗಳು ಪೋರ್ಟಿನ ಗೋಡೆಗೆ ಅಂಟಿ ಇಳಿಯುತ್ತವೆ. ಎಂಜಿನು ಮುಗ್ಗರಿಸುತ್ತದೆ. ಇತ್ತ ದಾರಿ ತೀರ ಕಿರಿದಾದರೆ, ಹೆಚ್ಚಿನ ವೇಗದಲ್ಲಿ ಎಂಜಿನಿಗೆ ಉಸಿರು ಕಟ್ಟುತ್ತದೆ. ಇವೆರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದೇ ನಮ್ಮ ಕಥೆಯ ಪ್ರಶ್ನೆ.

ಗಾಳಿ ಎಷ್ಟು ಬಂದಿತು ಎಂಬುದರ ಜೊತೆಗೆ ಹೇಗೆ ಬಂದಿತು ಎಂದೂ ಕೇಳಬೇಕೆಂದು ತೋರಿಸಿದವರಲ್ಲಿ ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಪ್ರಮುಖರು. ೧೯೧೯ರ ಸುಮಾರಿಗೆ ಅವರು ಅಂದಿನ ಅಗ್ಗದ ಎಂಜಿನುಗಳ ಹೆಡ್ಡನ್ನು ಹೊಸದಾಗಿ ರೂಪಿಸಿದರು. ಆ ಎಂಜಿನುಗಳಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದುವು. ರಿಕಾರ್ಡೊ ಉರಿಯುವ ಕೋಣೆಯನ್ನು ವಾಲ್ವುಗಳ ಮೇಲಕ್ಕೆ ಸರಿಸಿ, ಉಳಿದ ಕಡೆ ಪಿಸ್ಟನ್ನು ಹೆಡ್ಡನ್ನು ಇನ್ನೇನು ತಾಕೀತು ಎನ್ನುವಷ್ಟು ಹತ್ತಿರ ತಂದರು. ಅಲ್ಲಿ ಅದುಮಲ್ಪಟ್ಟ ಮಿಶ್ರಣ ಚಿಮ್ಮಿ ಸುಳಿಸುಳಿಯಾಗುತ್ತಿತ್ತು; ಬೆಂಕಿ ಬೇಗನೆ ಹರಡುತ್ತಿತ್ತು; ಎಂಜಿನು ಕುಟ್ಟುವುದು ಕಡಿಮೆಯಾಗುತ್ತಿತ್ತು. ವಾಲ್ವು ದೊಡ್ಡದಾಗಲಿಲ್ಲ, ಪೋರ್ಟು ಅಗಲವಾಗಲಿಲ್ಲ. ಆದರೂ ಶಕ್ತಿ ಹೆಚ್ಚಿತು.

ಅದೇ ದೇಶದ ಇನ್ನೊಬ್ಬರು ಹ್ಯಾರಿ ವೆಸ್ಲೇಕ್. ಹುಟ್ಟಿದ್ದು ೧೮೯೭ರಲ್ಲಿ, ತೀರಿಕೊಂಡದ್ದು ೧೯೭೮ರಲ್ಲಿ. ಹೆಡ್ಡಿನ ಮೂಲಕ ಗಾಳಿಯನ್ನು ಹಾಯಿಸಿ, ಯಾವ ಪೋರ್ಟಿನಲ್ಲಿ ಎಷ್ಟು ಗಾಳಿ ಸಾಗುತ್ತದೆ ಎಂದು ಅಳೆದು ನೋಡುವುದು ಅವರ ಪದ್ಧತಿ. ಕಣ್ಣಂದಾಜಿನಿಂದ ಕೆತ್ತುವ ಕಾಲದಲ್ಲಿ ಇದು ದೊಡ್ಡ ಹೆಜ್ಜೆ. ೧೯೩೫ರಲ್ಲಿ ವಿಲಿಯಂ ಲಯನ್ಸ್ ಅವರ ಕಂಪನಿ ತನ್ನ ಹೊಸ ಕಾರಿಗೆ ಮೊದಲ ಬಾರಿಗೆ ಜಾಗ್ವಾರ್ ಎಂಬ ಹೆಸರನ್ನಿಟ್ಟಿತು. ಅದರಲ್ಲಿದ್ದುದು ಸ್ಟ್ಯಾಂಡರ್ಡ್ ಕಂಪನಿಯ ಆರು ಸಿಲಿಂಡರಿನ ಎಂಜಿನು. ಪಕ್ಕದ ವಾಲ್ವಿನ ಹಳೆಯ ರೂಪದಲ್ಲಿ ಅದರ ಶಕ್ತಿ ಸುಮಾರು ೭೦ ಅಶ್ವಶಕ್ತಿ. ವೆಸ್ಲೇಕರು ವಾಲ್ವುಗಳನ್ನು ಮೇಲಕ್ಕೆ ತಂದು ಹೊಸ ಹೆಡ್ಡನ್ನು ರೂಪಿಸಿದ ಮೇಲೆ ಅದು ನೂರನ್ನು ದಾಟಿತು. ಕೆಳಗಿನ ಎಂಜಿನು ಬಹುಮಟ್ಟಿಗೆ ಹಳೆಯದೇ.

ವೆಸ್ಲೇಕರ ಕೈಕೆಲಸ ನಮ್ಮೂರ ಬೀದಿಗಳಿಗೂ ಬಂದಿದೆ ಎಂದರೆ ನಿಮಗೆ ಆಶ್ಚರ್ಯವಾದೀತು. ೨೦೧೪ರವರೆಗೆ ತಯಾರಾದ ಅಂಬಾಸಡರ್ ಕಾರಿನಲ್ಲಿ ಬಹುಕಾಲ ಇದ್ದದ್ದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಎಂಬ ೧೪೮೯ ಸಿ.ಸಿ. ಎಂಜಿನು. ಅದರ ಹೆಡ್ಡಿನಲ್ಲಿ ಉರಿಯುವ ಕೋಣೆ ಹೃದಯದ ಆಕಾರದ್ದು. ಎರಡು ವಾಲ್ವುಗಳ ನಡುವೆ ಗೋಡೆಯ ಒಂದು ಮೂಗು ಚಾಚಿಕೊಂಡಿದ್ದು ಗಾಳಿಯನ್ನು ತಿರುಗಿಸುತ್ತದೆ. ಆ ಆಕಾರ ವೆಸ್ಲೇಕರದು. ನಾಲ್ಕು ಸಿಲಿಂಡರುಗಳಿಗೆ ಒಳಗಾಳಿಯ ಪೋರ್ಟು ಎರಡೇ; ಜೋಡಿಜೋಡಿಯಾಗಿ ಹಂಚಿಕೊಂಡು ಉಸಿರಾಡಬೇಕು. ಪಂದ್ಯದ ಕಾರಿಗೆ ಇದು ತೊಡಕು. ಆದರೆ ಐದಾರು ಜನರನ್ನೂ ಮಾವಿನ ಬುಟ್ಟಿಯನ್ನೂ ಹೊತ್ತು, ನಿಧಾನ ವೇಗದಲ್ಲಿ ಏರು ಹತ್ತುವ ಕಾರಿಗೆ ಆ ಸಣ್ಣ ಉಸಿರುದಾರಿಗಳಿಂದ ಕೊರತೆಯೇನೂ ಆಗಲಿಲ್ಲ.

ಈಗ ಅಮೆರಿಕಕ್ಕೆ ಹೋಗೋಣ. ನಮ್ಮ ಪ್ರಶ್ನೆಗೆ ಇದಕ್ಕಿಂತ ಚೆನ್ನಾದ ಪರೀಕ್ಷೆ ಮೋಟಾರಿನ ಚರಿತ್ರೆಯಲ್ಲಿ ಸಿಕ್ಕುವುದು ಕಷ್ಟ: ಒಂದೇ ಮನೆತನದ ಎಂಜಿನು, ಒಂದೇ ವರ್ಷ, ಎರಡು ಬಗೆಯ ಹೆಡ್ಡು. ಫೋರ್ಡ್ ಕಂಪನಿಯ ಚಿಕ್ಕ ವಿ-೮ ಎಂಜಿನು ಮೂಲತಃ ಮನೆಮಂದಿಯ ಕಾರುಗಳಿಗಾಗಿ ಹುಟ್ಟಿದ್ದು. ೧೯೬೮ರಲ್ಲಿ ಅದರ ಗಾತ್ರ ೩೦೨ ಘನ ಅಂಗುಲ, ಎಂದರೆ ಸುಮಾರು ೪.೯ ಲೀಟರಿಗೆ ಬೆಳೆದಿತ್ತು. ಆಗ ಅಮೆರಿಕದಲ್ಲಿ ಟ್ರಾನ್ಸ್-ಆಮ್ ಎಂಬ ಪಂದ್ಯಮಾಲೆ ಜನಪ್ರಿಯವಾಗಿತ್ತು. ಅಂಗಡಿಯಲ್ಲಿ ಮಾರುವ ಕಾರುಗಳನ್ನೇ ತಿದ್ದಿ ಓಡಿಸುವ ಪಂದ್ಯ. ಎಂಜಿನಿನ ಮಿತಿ ೩೦೫ ಘನ ಅಂಗುಲ. ‘ಭಾನುವಾರ ಗೆದ್ದದ್ದು ಸೋಮವಾರ ಮಾರಾಟವಾಗುತ್ತದೆ’ ಎಂದು ವ್ಯಾಪಾರಿಗಳು ನಂಬಿದ್ದ ಕಾಲ ಅದು. ಫೋರ್ಡಿನ ಮಸ್ಟಾಂಗ್, ಷೆವ್ರೊಲೆಯ ಕಮಾರೊ ಇವೆರಡರ ನಡುವೆ ಹೋರಾಟ.

ಫೋರ್ಡಿನವರಿಗೆ ಒಂದು ಅಡ್ಡಿಯಿತ್ತು. ವಾಲ್ವನ್ನು ತೆರೆಯುವ ತಳ್ಳುಕಡ್ಡಿಗಳು ಪೋರ್ಟುಗಳ ಪಕ್ಕದಲ್ಲಿ ನಿಂತು ದಾರಿಯನ್ನು ಇಕ್ಕಟ್ಟು ಮಾಡುತ್ತಿದ್ದುವು. ಅವರು ಅಡ್ಡಿಯನ್ನು ಬಳಸಿ ಹೋಗುವ ಬದಲು ಪೋರ್ಟನ್ನು ಅಗಲವಾಗಿ, ನೇರವಾಗಿ ಎಳೆದು, ತಳ್ಳುಕಡ್ಡಿಯನ್ನು ಒಂದು ಕೊಳವೆಯಲ್ಲಿಟ್ಟು ಪೋರ್ಟಿನ ನಡುವೆಯೇ ಹಾಯಿಸಿಬಿಟ್ಟರು. ಹೆಬ್ಬಾಗಿಲಿನ ಮಧ್ಯೆ ಕಂಬ ನೆಟ್ಟ ಹಾಗೆ! ಇದಕ್ಕೆ ಟನಲ್ ಪೋರ್ಟ್ ಎಂದು ಹೆಸರಾಯಿತು. ಏಳು ಲೀಟರಿನ ದೊಡ್ಡ ಎಂಜಿನಿನಲ್ಲಿ ಈ ಉಪಾಯವನ್ನು ಮೊದಲೇ ಬಳಸಿದ್ದರು. ಆದರೆ ಐದು ಲೀಟರಿನ ಎಂಜಿನಿಗೆ ಆ ದಾರಿ ಅತಿಯಾಯಿತು. ಶಕ್ತಿಯೆಲ್ಲ ಅತ್ಯಂತ ಹೆಚ್ಚಿನ ವೇಗದಲ್ಲಿ ಮಾತ್ರ ಸಿಕ್ಕುತ್ತಿತ್ತು. ತಿರುವಿನಿಂದ ಹೊರಬರುವಾಗ ಎಳೆತವಿರಲಿಲ್ಲ. ಓಟಗಾರ ಬೇರೆ ದಾರಿ ಕಾಣದೆ ಎಂಜಿನನ್ನು ಅದರ ಮಿತಿಯ ಅಂಚಿಗೆ ಓಡಿಸಬೇಕಾಯಿತು. ಅಷ್ಟು ವೇಗದಲ್ಲಿ ಎಣ್ಣೆಯ ಪೂರೈಕೆ ಸಾಲದೆ ಎಂಜಿನುಗಳು ಒಂದರ ಹಿಂದೆ ಒಂದು ಒಡೆದುವು. ಆ ವರ್ಷದ ೧೩ ಪಂದ್ಯಗಳಲ್ಲಿ ೧೦ನ್ನು ಗೆದ್ದವರು ಪೆನ್ಸ್ಕೆ ತಂಡದ ಕಮಾರೊ ಓಡಿಸಿದ ಮಾರ್ಕ್ ಡೊನಹ್ಯೂ. ಪೋರ್ಟಿನ ಅಳತೆಯಲ್ಲಾದ ಅತಿ ಎಂಜಿನಿನ ತಳದಲ್ಲಿದ್ದ ಬೇರಿಂಗನ್ನು ಬಲಿ ತೆಗೆದುಕೊಂಡಿತೆಂಬುದನ್ನು ಗಮನಿಸಿ. ಎಂಜಿನಿನಲ್ಲಿ ಯಾವ ಭಾಗವೂ ಒಂಟಿಯಲ್ಲ.

ಅದೇ ವರ್ಷ ಅಟ್ಲಾಂಟಿಕ್ ಸಾಗರದ ಈಚೆ ಏನಾಯಿತು ನೋಡಿ. ಅಮೆರಿಕದ ಓಟಗಾರ ಡಾನ್ ಗರ್ನಿ ಕೆಲವು ವರ್ಷಗಳ ಹಿಂದೆಯೇ ಇಂಗ್ಲೆಂಡಿಗೆ ಬಂದು, ಇದೇ ಫೋರ್ಡ್ ಎಂಜಿನಿಗೆ ಒಂದು ಒಳ್ಳೆಯ ಹೆಡ್ಡನ್ನು ಮಾಡಿಕೊಡಿ ಎಂದು ವೆಸ್ಲೇಕರ ಸಂಸ್ಥೆಯನ್ನು ಕೇಳಿದ್ದರು. ಹೀಗೆ ಹುಟ್ಟಿದ್ದು ಗರ್ನಿ-ವೆಸ್ಲೇಕ್ ಹೆಡ್ಡು. ಇದರಲ್ಲಿಯೂ ತಳ್ಳುಕಡ್ಡಿ ಇತ್ತು; ಪ್ರತಿ ಸಿಲಿಂಡರಿಗೆ ಎರಡೇ ವಾಲ್ವು. ಆದರೆ ಇಲ್ಲಿ ಗಾಳಿ ಸಾಗುವ ಪ್ರಮಾಣ ಮತ್ತು ಅದರ ವೇಗ ಇವೆರಡಕ್ಕೂ ಬೆಲೆ ಕೊಟ್ಟಿದ್ದರು. ೧೯೬೬ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬ್ರಿಡ್ಜ್‌ಹ್ಯಾಂಪ್ಟನ್ನಿನಲ್ಲಿ ಗರ್ನಿ ಈ ಹೆಡ್ಡಿನ ಎಂಜಿನಿನಿಂದ ತನಗಿಂತ ದೊಡ್ಡ ಎಂಜಿನುಗಳಿದ್ದ ಕಾರುಗಳನ್ನು ಸೋಲಿಸಿದರು.

ಮುಂದೆ ಈ ಹೆಡ್ಡನ್ನು ಜಾನ್ ವಾಯರ್ ಅವರ ತಂಡ ತನ್ನ ಫೋರ್ಡ್ ಜಿ.ಟಿ. ೪೦ ಕಾರುಗಳಿಗೆ ಹಾಕಿಕೊಂಡಿತು. ಫ್ರಾನ್ಸಿನ ಲ ಮಾನ್ ಪಂದ್ಯ ಇಪ್ಪತ್ತನಾಲ್ಕು ಗಂಟೆಗಳ ಓಟ. ೧೯೬೮ರಲ್ಲಿ ಆ ದೇಶದ ಗಲಭೆಗಳ ಕಾರಣದಿಂದ ಅದು ಜೂನ್ ತಿಂಗಳಿನಿಂದ ಸೆಪ್ಟೆಂಬರ್ ಕೊನೆಗೆ ಮುಂದೆ ಹೋಯಿತು. ಗೆದ್ದದ್ದು ಪೆದ್ರೊ ರೋದ್ರಿಗೆಸ್ ಮತ್ತು ಲುಸಿಯೆನ್ ಬಿಯಾಂಕಿ ಓಡಿಸಿದ ಜಿ.ಟಿ. ೪೦. ಮರುವರ್ಷ ಅದೇ ಕಾರು, ಹೆಸರಿಗೆ ಅದೇ ಮಾದರಿಯದಲ್ಲ, ಅದೇ ಚಾಸಿಯ ಕಾರು, ಜಾಕಿ ಇಕ್ಸ್ ಮತ್ತು ಜಾಕಿ ಆಲಿವರರ ಕೈಯಲ್ಲಿ ಮತ್ತೆ ಗೆದ್ದಿತು. ಇಡೀ ಒಂದು ಹಗಲು ಒಂದು ರಾತ್ರಿ ಓಡಿದ ಮೇಲೆ ಹಿಂದಿದ್ದ ಪೋರ್ಷೆಗೂ ಅದಕ್ಕೂ ಇದ್ದ ಅಂತರ ಸುಮಾರು ೧೨೦ ಮೀಟರು ಮಾತ್ರ. ಟ್ರಾನ್ಸ್-ಆಮ್‌ನಲ್ಲಿ ಕೆಲವು ಗಂಟೆ ಬಾಳದ ಎಂಜಿನಿನ ಒಡಹುಟ್ಟು ಇಲ್ಲಿ ಇಪ್ಪತ್ತನಾಲ್ಕು ಗಂಟೆ ಬಾಳಿತು. ಹೆಡ್ಡೊಂದೇ ಕಾರಣವೆಂದರೆ ತಂಡದವರ ಶಿಸ್ತಿಗೂ ಓಟಗಾರರ ಸಂಯಮಕ್ಕೂ ಅನ್ಯಾಯವಾದೀತು. ಆದರೆ ಎಂಜಿನನ್ನು ಅಂಚಿಗೆ ಅಟ್ಟದೆಯೇ ಶಕ್ತಿ ಸಿಕ್ಕುವಂತೆ ಮಾಡಿದ್ದು ಆ ಹೆಡ್ಡು ಎಂಬುದರಲ್ಲಿ ಅನುಮಾನವಿಲ್ಲ.

ಫೋರ್ಡ್ ಸೋಲಿನಿಂದ ಪಾಠ ಕಲಿಯಿತೆ? ಸ್ವಲ್ಪ ಸ್ವಲ್ಪವಾಗಿ ಕಲಿಯಿತು. ೧೯೬೯ರಲ್ಲಿ ಬಾಸ್ ೩೦೨ ಎಂಬ ಹೊಸ ಎಂಜಿನು ಬಂದಿತು. ಅದರ ವಾಲ್ವುಗಳನ್ನು ಓರೆಯಾಗಿ ಕೂರಿಸಿ ಗಾಳಿಯ ದಾರಿ ಸುಗಮವಾಗುವಂತೆ ಮಾಡಿದ್ದರು. ಒಳವಾಲ್ವಿನ ಅಡ್ಡಳತೆ ಸುಮಾರು ೫೬.೬ ಮಿಲಿಮೀಟರು. ಅಂದಿನ ಐದು ಲೀಟರಿನ ಎಂಜಿನಿಗೆ ಇದು ದೊಡ್ಡ ವಾಲ್ವೇ. ೧೯೭೦ರಲ್ಲಿ ಅದನ್ನು ೫೫.೬ ಮಿಲಿಮೀಟರಿಗೆ ಇಳಿಸಿದರು. ಒಂದು ಮಿಲಿಮೀಟರು ಸಣ್ಣ ಮಾಡಿದ್ದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಪಂದ್ಯದ ಎಂಜಿನಿನಲ್ಲಿ ವಾಲ್ವನ್ನು ಕಿರಿದುಗೊಳಿಸುವುದೆಂದರೆ ಅಭಿಮಾನವನ್ನು ಬದಿಗಿಡುವುದೇ ಸರಿ. ಆ ವರ್ಷ ಟ್ರಾನ್ಸ್-ಆಮ್ ಪ್ರಶಸ್ತಿ ಫೋರ್ಡಿಗೆ ಬಂದಿತು.

ಅದೇ ೧೯೭೦ರ ಮಾದರಿಯಲ್ಲಿ ಫೋರ್ಡ್ ೩೫೧ ಘನ ಅಂಗುಲದ, ಎಂದರೆ ಸುಮಾರು ೫.೮ ಲೀಟರಿನ ಇನ್ನೊಂದು ಎಂಜಿನನ್ನು ತಂದಿತು. ಕ್ಲೀವ್‌ಲೆಂಡ್ ನಗರದಲ್ಲಿ ತಯಾರಾದುದರಿಂದ ಅದು ಕ್ಲೀವ್‌ಲೆಂಡ್ ಎಂದೇ ಪ್ರಸಿದ್ಧ. ಇದಕ್ಕೆ ಎರಡು ಬಗೆಯ ಹೆಡ್ಡು. ನಾಲ್ಕು ಗಂಟಲಿನ ಕಾರ್ಬ್ಯುರೇಟರಿಗೆ ನಾಲ್ಕು-ವಿ ಹೆಡ್ಡು. ಎರಡು ಗಂಟಲಿನದಕ್ಕೆ ಎರಡು-ವಿ ಹೆಡ್ಡು. ನಾಲ್ಕು-ವಿ ಹೆಡ್ಡಿನ ಒಳಪೋರ್ಟಿನ ಬಾಯಿ ೬೩.೫ ಮಿಲಿಮೀಟರು ಎತ್ತರ, ೪೪.೫ ಅಗಲ. ಎರಡು-ವಿ ಹೆಡ್ಡಿನದು ೫೧.೩ ಎತ್ತರ, ೪೧.೯ ಅಗಲ. ಗುಣಿಸಿ ನೋಡಿ: ಒಂದರ ಬಾಯಿ ಸುಮಾರು ೨೮ ಚದರ ಸೆಂಟಿಮೀಟರು, ಇನ್ನೊಂದರದು ಇಪ್ಪತ್ತೊಂದೂವರೆ. ಮೊದಲನೆಯದು ನೂರಕ್ಕೆ ಮೂವತ್ತರಷ್ಟು ದೊಡ್ಡದು.

ಈ ವ್ಯತ್ಯಾಸ ರಸ್ತೆಯಲ್ಲಿ ಹೇಗೆ ಕಾಣುತ್ತದೆ? ನಿಮಿಷಕ್ಕೆ ೨೦೦೦ ಸುತ್ತಿನಲ್ಲಿ, ಎಂದರೆ ಊರೊಳಗಿನ ಸಾಮಾನ್ಯ ಓಟದಲ್ಲಿ, ದೊಡ್ಡ ಪೋರ್ಟಿನ ಬಾಯಲ್ಲಿ ಗಾಳಿಯ ಸರಾಸರಿ ವೇಗ ಸೆಕೆಂಡಿಗೆ ಸುಮಾರು ೧೭ ಮೀಟರು; ಸಣ್ಣದರಲ್ಲಿ ಸುಮಾರು ೨೨. ಸಣ್ಣ ಪೋರ್ಟಿನ ಎಂಜಿನು ಚುರುಕಾಗಿ ಮುನ್ನುಗ್ಗುತ್ತದೆ. ದೊಡ್ಡದು ಸೋಮಾರಿತನ ತೋರುತ್ತದೆ. ೬೦೦೦ ಸುತ್ತಿನಲ್ಲಿ ಮಾತು ಬೇರೆ. ಅಲ್ಲಿ ದೊಡ್ಡದರಲ್ಲಿಯೂ ಗಾಳಿಯ ವೇಗ ಸೆಕೆಂಡಿಗೆ ೫೦ ಮೀಟರನ್ನು ಮುಟ್ಟುತ್ತದೆ. ಎಂಜಿನಿಗೆ ಜೀವ ಬರುತ್ತದೆ. ಕಾಲಾಂತರದಲ್ಲಿ ಈ ಎಂಜಿನು ಕಟ್ಟುವವರು ಒಂದು ವಿಚಿತ್ರ ಕೆಲಸಕ್ಕೆ ಕೈಹಾಕಿದರು. ನಾಲ್ಕು-ವಿ ಹೆಡ್ಡಿನ ಪೋರ್ಟಿನ ತಳಕ್ಕೆ ಲೋಹದ ನಾಲಗೆಯನ್ನೋ ಗಟ್ಟಿಯಾಗುವ ಅಂಟನ್ನೋ ತುಂಬಿ, ಕಾರ್ಖಾನೆಯವರು ಅಗಲ ಮಾಡಿದ್ದ ದಾರಿಯನ್ನು ಕಾಸು ಕೊಟ್ಟು ಕಿರಿದು ಮಾಡಿದರು! ಇನ್ನು ಕೆಲವರು ಆಸ್ಟ್ರೇಲಿಯದಿಂದ ಹೆಡ್ಡು ತರಿಸಿದರು. ಅಲ್ಲಿನ ಫೋರ್ಡ್ ಇದೇ ಎಂಜಿನಿನ ೩೦೨ ಘನ ಅಂಗುಲದ ರೂಪಕ್ಕೆ ಸಣ್ಣ ಪೋರ್ಟೂ ಸಣ್ಣ ಉರಿಕೋಣೆಯೂ ಇದ್ದ ಹೆಡ್ಡನ್ನು ಎರಕ ಹೊಯ್ಯುತ್ತಿತ್ತು.

ಹಾಗಾದರೆ ದೊಡ್ಡ ಪೋರ್ಟು ತಪ್ಪೆ? ಅಲ್ಲ. ಅದೇ ಆಸ್ಟ್ರೇಲಿಯದ ಬ್ಯಾಥರ್ಸ್ಟ್ ಬೆಟ್ಟದ ಹಾದಿಯಲ್ಲಿ ೧೯೭೧ರ ೫೦೦ ಮೈಲಿ ಪಂದ್ಯವನ್ನು ಅಲನ್ ಮೊಫಟ್ ಗೆದ್ದದ್ದು ನಾಲ್ಕು-ವಿ ಹೆಡ್ಡಿದ್ದ ಫಾಲ್ಕನ್ ಕಾರಿನಲ್ಲಿಯೇ. ಇಳಿಜಾರಿನ ಉದ್ದ ನೇರ ದಾರಿಯಲ್ಲಿ ಎಂಜಿನು ಹೆಚ್ಚಿನ ವೇಗದಲ್ಲಿ ದುಡಿಯಬೇಕಾದಾಗ ದೊಡ್ಡ ದಾರಿಯೇ ಬೇಕು. ತಪ್ಪಿದ್ದುದು ಪೋರ್ಟಿನಲ್ಲಲ್ಲ, ಆ ಪೋರ್ಟನ್ನು ಪೇಟೆಯ ದಟ್ಟಣೆಯಲ್ಲಿ ಓಡುವ ಕಾರಿಗೂ ಕೊಟ್ಟದ್ದರಲ್ಲಿ.

ಇಂಗ್ಲೆಂಡಿಗೆ ಇನ್ನೊಮ್ಮೆ ಹಿಂತಿರುಗೋಣ. ಈ ಇಕ್ಕಟ್ಟಿಗೆ ಅತ್ಯಂತ ಸೊಗಸಾದ ಪರಿಹಾರ ಕೊಟ್ಟವರಲ್ಲಿ ಒಬ್ಬರು ಕಾಸ್ವರ್ತ್ ಸಂಸ್ಥೆಯ ಕೀತ್ ಡಕ್‌ವರ್ತ್. ಒಂದು ದೊಡ್ಡ ವಾಲ್ವಿನ ಬದಲು ಎರಡು ಸಣ್ಣ ಒಳವಾಲ್ವು, ಎರಡು ಹೊರವಾಲ್ವು. ನಾಲ್ಕು ವಾಲ್ವು ಅವರ ಆವಿಷ್ಕಾರವಲ್ಲ. ಮೊದಲ ಮಹಾಯುದ್ಧಕ್ಕೂ ಮೊದಲೇ ಪಂದ್ಯದ ಕಾರುಗಳಲ್ಲಿ ಅದಿತ್ತು. ಆದರೆ ಹಿಂದಿನವರು ದೊಡ್ಡ ವಾಲ್ವು ಹಿಡಿಸಲು ಅವುಗಳನ್ನು ಬಹಳ ಓರೆಯಾಗಿ ಕೂರಿಸುತ್ತಿದ್ದರು. ೧೯೪೮ರ ಜಾಗ್ವಾರ್ ಎಕ್ಸ್‌ಕೆ ಎಂಜಿನಿನಲ್ಲಿ ಒಳವಾಲ್ವಿಗೂ ಹೊರವಾಲ್ವಿಗೂ ನಡುವಣ ಕೋನ ೭೦ ಡಿಗ್ರಿ. ಡಕ್‌ವರ್ತ್ ತಮ್ಮ ಮೂರು ಲೀಟರಿನ ಡಿ.ಎಫ್.ವಿ. ಎಂಜಿನಿನಲ್ಲಿ ಅದನ್ನು ೩೨ ಡಿಗ್ರಿಗೆ ಇಳಿಸಿದರು. ಉರಿಕೋಣೆ ಚಿಕ್ಕದಾಗಿ ಒತ್ತಾಯಿತು. ಪಿಸ್ಟನ್ನಿನ ತಲೆ ಬಹುಮಟ್ಟಿಗೆ ಚಪ್ಪಟೆಯಾಗಿಯೇ ಉಳಿಯಿತು. ಬೆಂಕಿ ಅಡೆತಡೆಯಿಲ್ಲದೆ ಹರಡಿತು. ಎರಡು ಸಣ್ಣ ವಾಲ್ವುಗಳಿಗೆ ಒಂದು ದೊಡ್ಡ ವಾಲ್ವಿಗಿಂತ ಅಂಚು ಹೆಚ್ಚು. ವಾಲ್ವು ಸ್ವಲ್ಪವೇ ತೆರೆದಾಗ ಗಾಳಿ ನುಸುಳುವುದು ಆ ಅಂಚಿನ ಸುತ್ತಲೇ ಆದುದರಿಂದ ಸಣ್ಣ ಬಾಗಿಲು ಎರಡಿದ್ದರೆ ಲಾಭ. ೧೯೬೭ರ ಜೂನ್ ೪ರಂದು ಹಾಲೆಂಡಿನ ಜಾಂಡ್‌ವೋರ್ಟಿನಲ್ಲಿ ಜಿಮ್ ಕ್ಲಾರ್ಕ್ ಈ ಎಂಜಿನಿನ ಮೊದಲ ಪಂದ್ಯವನ್ನೇ ಗೆದ್ದರು. ೧೯೮೩ರವರೆಗೆ ಅದರ ವಂಶ ಗೆದ್ದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳು ೧೫೫. ಇಂದು ನಮ್ಮ ಬೀದಿಗಳಲ್ಲಿ ಓಡಾಡುವ ಸಾಧಾರಣ ಕಾರುಗಳ ಎಂಜಿನುಗಳಲ್ಲಿಯೂ ನಾಲ್ಕು ವಾಲ್ವು, ಕಿರಿದಾದ ಕೋನ, ಒತ್ತಾದ ಉರಿಕೋಣೆ ಸಾಮಾನ್ಯವಾಗಿವೆ.

ಇಂದು ಹಳೆಯ ಎಂಜಿನನ್ನು ಹೊಸದಾಗಿ ಕಟ್ಟುವ ಹವ್ಯಾಸಿಗೆ ಆಯ್ಕೆ ಹೆಚ್ಚು, ಗೊಂದಲವೂ ಹೆಚ್ಚು. ಮಾರಾಟಗಾರರು ಪೋರ್ಟಿನ ಗಾತ್ರವನ್ನು ಅದರೊಳಗೆ ಹಿಡಿಸುವ ದ್ರವದ ಅಳತೆಯಿಂದ ಹೇಳುತ್ತಾರೆ. ಷೆವ್ರೊಲೆಯ ಹಳೆಯ ಚಿಕ್ಕ ವಿ-೮ ಹೆಡ್ಡಿನ ಒಳಪೋರ್ಟಿನಲ್ಲಿ ಸುಮಾರು ೧೬೦ ಸಿ.ಸಿ. ಹಿಡಿಯುತ್ತಿತ್ತು, ಈಗ ಅದೇ ಎಂಜಿನಿಗೆ ೨೦೦ನ್ನು ಮೀರಿದ ಹೆಡ್ಡುಗಳೂ ಸಿಕ್ಕುತ್ತವೆ. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಉದ್ದವಾದ ಪೋರ್ಟು ಕಿರಿದಾಗಿದ್ದರೂ ಹೆಚ್ಚು ದ್ರವ ಹಿಡಿಸುತ್ತದೆ. ಮುಖ್ಯವಾದುದು ಅದರ ಅತ್ಯಂತ ಇಕ್ಕಟ್ಟಾದ ಜಾಗದ ವಿಸ್ತಾರ. ಗಾಳಿ ಹಾಯಿಸಿ ಅಳೆಯುವ ಯಂತ್ರದ ಅಂಕಿಯೂ ಹಾಗೆಯೇ. ಅದರಲ್ಲಿ ಗಾಳಿ ಒಂದೇ ಸಮನೆ ಹರಿಯುತ್ತದೆ. ಎಂಜಿನಿನಲ್ಲಿ ಅದು ತಡೆತಡೆದು, ಬಡಿತಬಡಿತವಾಗಿ ಹರಿಯುತ್ತದೆ. ಪೋರ್ಟನ್ನು ಕೆತ್ತಿ ಅಗಲ ಮಾಡಿದಷ್ಟೂ ಅಳೆಯುವ ಯಂತ್ರ ಹೆಚ್ಚಿನ ಅಂಕಿ ತೋರಿಸಿ ಬೆನ್ನು ತಟ್ಟಬಹುದು. ಯಂತ್ರ ಸುಳ್ಳು ಹೇಳುವುದಿಲ್ಲ; ನಾವು ಅದಕ್ಕೆ ಹಾಕಿದ ಪ್ರಶ್ನೆಯೇ ಅರ್ಧದ್ದು.

ಆದುದರಿಂದ ಬಲ್ಲವರು ಮೊದಲು ಕೇಳುವುದು ಹೆಡ್ಡಿನ ಬೆಲೆಯನ್ನೂ ಅಲ್ಲ, ಅಶ್ವಶಕ್ತಿಯನ್ನೂ ಅಲ್ಲ. ಈ ಎಂಜಿನು ದಿನದ ಬಹುಭಾಗ ಎಷ್ಟು ಸುತ್ತಿನಲ್ಲಿ ತಿರುಗುತ್ತದೆ? ಗಾಡಿಯ ತೂಕವೆಷ್ಟು? ಗೇರುಗಳು ಹೇಗಿವೆ? ವಾಲ್ವನ್ನು ತೆರೆಯುವ ಕ್ಯಾಮು ಎಷ್ಟು ಹೊತ್ತು ತೆರೆದಿಡುತ್ತದೆ? ಇವಕ್ಕೆ ಉತ್ತರ ಸಿಕ್ಕಿದ ಮೇಲೆ, ಆ ಕೆಲಸಕ್ಕೆ ಸಾಲುವಷ್ಟು ಪೋರ್ಟನ್ನು ಆರಿಸುತ್ತಾರೆ. ಎರಡರ ನಡುವೆ ಅನುಮಾನ ಬಂದರೆ, ರಸ್ತೆಯ ಕಾರಿಗೆ ಸಣ್ಣದನ್ನೇ ಹಿಡಿಯುತ್ತಾರೆ. ಸಣ್ಣದನ್ನು ಮುಂದೆ ಕೆತ್ತಿ ದೊಡ್ಡದು ಮಾಡಬಹುದು. ಒಮ್ಮೆ ಕೆತ್ತಿ ತೆಗೆದ ಲೋಹವನ್ನು ಮತ್ತೆ ತುಂಬುವುದು ಎಷ್ಟು ತ್ರಾಸವೆಂದು ಕ್ಲೀವ್‌ಲೆಂಡ್ ಎಂಜಿನು ಕಟ್ಟಿದವರನ್ನು ಕೇಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದು ಖರ್ಚಿನ ವಿಷಯದಲ್ಲಿ. ಎಂಜಿನಿನ ಉಸಿರಿಗೂ ಅದು ಸಲ್ಲುತ್ತದೆ.